ಬೇಲಿ ದಾಟಿದ ಬೇರುರೋಗ

ಮೂರ್ನಾಡಿನ ಹತ್ತಿರದ ನಮ್ಮ ಕಾಫಿ ತೋಟ ಮೊದಲು ಒಂದೇ ಆಗಿತ್ತು. ಪಾಲಾದ ಮೇಲೆ ಮೇಲಿನ ಭಾಗ ನನ್ನ ಗಂಡನ ಅಣ್ಣನಿಗೆ ಹೋಯಿತು, ಕೆಳಗಿನದು ನಮಗೆ ಬಂತು, ನಡುವೆ ತಂತಿ ಬೇಲಿ. ಗಂಡಸರಿಬ್ಬರಿಗೂ ಮಡಿಕೇರಿಯಲ್ಲಿ ಕೆಲಸ. ತೋಟ ನೋಡುತ್ತಿದ್ದವರು ನಾವು ಓರಗಿತ್ತಿಯರೇ. ಅವರನ್ನು ನಾನು ಅಕ್ಕ ಎಂದು ಕರೆಯುತ್ತೇನೆ.

ಒಂದು ವರ್ಷ ಕೊಯ್ಲು ಮುಗಿಯುವ ಹೊತ್ತಿಗೆ ಬೇಲಿ ಪಕ್ಕದ ನಮ್ಮ ಗಿಡವೊಂದು ಹಳದಿಯಾಗಿ, ಎಲೆ ಉದುರಿಸಿ ಒಣಗಿತು. ಬಿಸಿಲಿಗೆ ಬಾಡಿರಬೇಕೆಂದು ಸ್ಪ್ರಿಂಕ್ಲರ್ ಹಾಕಿಸಿದೆ. ಅದರ ಪಕ್ಕದವೂ ಅದೇ ದಾರಿ ಹಿಡಿದವು. ಕೊನೆಗೆ ಬೆಳೆಗಾರರಿಗೆ ಸಲಹೆ ಕೊಡುವ ಅಧಿಕಾರಿಯೊಬ್ಬರನ್ನು ಕರೆಸಿದೆ. ಅವರು ಸತ್ತ ಗಿಡವನ್ನು ಕೀಳಿಸಿ ಬೇರು ತೋರಿಸಿದರು. ಮಣ್ಣು, ಮರಳು ಕಂದು ಹಕ್ಕಳೆಯಂತೆ ಅಂಟಿಕೊಂಡಿತ್ತು. ನೀರಲ್ಲಿ ತೊಳೆದರೂ ಬಿಡಲಿಲ್ಲ.

"ಇದು ಶಿಲೀಂಧ್ರ. ಬೇರಿಂದ ಬೇರಿಗೆ ಹೋಗುತ್ತೆ. ಹತ್ತಿರ ಎಲ್ಲಾದ್ರೂ ಮರ ಕಡಿದು ಬುಡ ಹಾಗೇ ಬಿಟ್ಟಿದ್ದೀರಾ?"

ಬುಡ ಇದ್ದದ್ದು ಬೇಲಿಯಾಚೆ, ಅಕ್ಕನ ಕಡೆ. ಮಾವನವರ ಕಾಲದಲ್ಲಿ ಕಡಿಸಿದ ನೆರಳಿನ ಮರ ಅದು. ಬುಡವನ್ನೂ ಸತ್ತ ಗಿಡಗಳನ್ನೂ ಬೇರುಸಹಿತ ತೆಗೆದು ಸುಡಬೇಕು, ಸುತ್ತಲಿನ ಒಂದು ಸಾಲು ಗಿಡ ಒಳಗೆ ಬರುವಂತೆ, ಬೇರು ದಾಟದ ಹಾಗೆ ಆಳವಾದ ಟ್ರೆಂಚು ತೋಡಬೇಕು, ಆ ಸಾಲಿನ ಬೇರಿಗೂ ಹಿಡಿದಿದ್ದರೆ ಅದನ್ನೂ ಕೀಳಬೇಕು ಎಂದರು.

ಸಂಜೆ ಅಕ್ಕನ ಮನೆಗೆ ಹೋಗಿ ವಿಷಯ ಹೇಳಿದೆ.

"ನಿನ್ನ ಕಡೆ ಬೇಕಾದ್ರೆ ಮಾಡ್ಕೋ," ಎಂದರು. "ನನ್ನ ಗಿಡಗಳು ಹಸಿರಾಗಿವೆ. ಮೊಗ್ಗು ಕಟ್ಟಿವೆ, ಒಂದು ಮಳೆ ಬಂದ್ರೆ ಹೂವು. ಅಂಥವನ್ನ ಹೇಗೆ ಕೀಳೋದು?"

"ಬುಡ ನಿಮ್ಮ ಕಡೆ ಇದೆಯಲ್ಲ ಅಕ್ಕ. ನಾನೊಬ್ಬಳೇ ತೋಡಿದ್ರೆ ಏನೂ ಪ್ರಯೋಜನ ಇಲ್ಲ."

"ಅಂದ್ರೆ ರೋಗ ನನ್ನಿಂದ ಬಂತು ಅಂತೀಯಾ?"

ನಾನು ಹಾಗೆ ಹೇಳಿರಲಿಲ್ಲ. ಅವರಿಗೆ ಕೇಳಿಸಿದ್ದು ಹಾಗೆ. ಬೇಜಾರು ಮಾಡಿಕೊಂಡೇ ಮನೆಗೆ ಬಂದೆ. ಆಮೇಲೆ ಕೆಲವು ದಿನ ಬೇಲಿಯ ಹತ್ತಿರ ಎದುರಾದರೂ ಮಾತಿರಲಿಲ್ಲ. ನನ್ನ ಕಡೆಯ ಸತ್ತ ಗಿಡಗಳನ್ನು ಕೀಳಿಸಿ ಸುಡಿಸಿದೆ.

ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿ, "ಸ್ವಲ್ಪ ಮೇಲೆ ಬಾ," ಎಂದರು. ಹೋಗಿ ನೋಡಿದರೆ ಬುಡದ ಪಕ್ಕದ ಚೆಂದದ ಗಿಡವೊಂದರ ಸುತ್ತ ಮಣ್ಣು ಬಿಡಿಸಿಕೊಂಡು ಕೂತಿದ್ದರು. ಕೈಯೆಲ್ಲ ಮಣ್ಣು. ಒಂದು ಕಡೆಯ ಬೇರು ಬೆಳ್ಳಗಿತ್ತು, ಇನ್ನೊಂದು ಕಡೆ ಅದೇ ಕಂದು ಹಕ್ಕಳೆ.

"ಮೇಲಿಂದ ಏನೂ ಗೊತ್ತಾಗಲ್ಲ ನೋಡು," ಎಂದರು. ಕೈ ಕೊಡವಿಕೊಂಡು ಎದ್ದು, "ಮಳೆಗೆ ಮೊದಲೇ ಮುಗಿಸಿಬಿಡೋಣ. ನಿನ್ನ ಆಳುಗಳನ್ನೂ ಕಳಿಸು."

ಬೇಲಿಯ ತಂತಿ ಬಿಚ್ಚಿ ಎರಡೂ ಕಡೆ ಸೇರಿಸಿ ಟ್ರೆಂಚು ತೋಡಿಸಿದೆವು. ಮರದ ಬುಡ ಕೀಳುವುದೇ ದೊಡ್ಡ ಕೆಲಸವಾಯಿತು. ಅಕ್ಕನ ಸಾಲಿನಲ್ಲಿ ಹೆಚ್ಚಿನ ಗಿಡಗಳಿಗೂ ರೋಗ ಹಿಡಿದಿತ್ತು. ಮೊಗ್ಗಿನ ಕೊಂಬೆಗಳನ್ನು ಬೆಂಕಿಗೆ ಹಾಕುವಾಗ ಅವರು ಕಾಫಿ ಮಾಡಿ ತರುತ್ತೇನೆಂದು ಮನೆಯೊಳಗೆ ಹೋದರು. ಬೆಂಕಿ ಆರಿದ ಮೇಲೆ ಗುಂಡಿಗಳಿಗೆ ಸುಣ್ಣ ಹಾಕಿ, ಜಾಗವನ್ನು ಖಾಲಿ ಬಿಟ್ಟೆವು.

ನನ್ನ ಕಡೆ ಮತ್ತೆ ಯಾವ ಗಿಡವೂ ಸಾಯಲಿಲ್ಲ. ಅಕ್ಕನ ಕಡೆ ಮುಂದಿನ ವರ್ಷ ಟ್ರೆಂಚಿನಾಚೆ ಎರಡು ಗಿಡ ಹಳದಿಯಾದವು. ನಾನು ನೋಡಲು ಹೋಗುವಷ್ಟರಲ್ಲಿ ಅವನ್ನು ಕೀಳಿಸಿ, ಟ್ರೆಂಚನ್ನು ಅಲ್ಲಿಗೂ ಮುಂದುವರಿಸಿದ್ದರು.