ರಂಗಪ್ಪನವರು ಬಿಡದ ಮಾತ್ರೆ

ಕೋವಿಡ್ ಗಲಾಟೆ ತಣ್ಣಗಾದ ಮೇಲಿನ ವರ್ಷ. ನಾಗಸಂದ್ರದಲ್ಲಿ ನನ್ನ ಕ್ಲಿನಿಕ್ ಶುರುವಾಗಿ ಇಪ್ಪತ್ತು ವರ್ಷ ದಾಟಿತ್ತು. ಚೀಟಿ ಬರೆದುಕೊಡುವುದನ್ನು ಬಿಟ್ಟು ಕಂಪ್ಯೂಟರಿನಲ್ಲೇ ರೆಫರಲ್ ಕಳಿಸಲು ತೊಡಗಿದ್ದು ಆಗಲೇ. ರೋಗಿಯ ವಿವರವೆಲ್ಲ ಇಲ್ಲಿಂದ ದೊಡ್ಡ ಆಸ್ಪತ್ರೆಗೆ ಹೋಗುತ್ತದೆ; ಅವರು ಮನೆಗೆ ಕಳಿಸುವಾಗ ಬರೆಯುವ ಡಿಸ್ಚಾರ್ಜ್ ಸಮ್ಮರಿ ನನ್ನ ಪರದೆಗೆ ಬರುತ್ತದೆ. ಮೊದಲು ರೋಗಿಗಳು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರುತ್ತಿದ್ದರು, ಅರ್ಧ ಜನ ತರುತ್ತಲೇ ಇರಲಿಲ್ಲ. ಹಾಗಾಗಿ ಹೊಸ ವ್ಯವಸ್ಥೆ ಕಂಡು ನನಗೆ ಹಿಗ್ಗೋ ಹಿಗ್ಗು.

ಚಿಕ್ಕಬಾಣಾವರದ ರಂಗಪ್ಪನವರು ಸರ್ಕಾರಿ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. ಅವರ ಹೃದಯದ ಬಡಿತ ಏರುಪೇರಾಗುತ್ತಿತ್ತು. ಅಂಥವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ, ಅದನ್ನು ತೆಳುವಾಗಿಡುವ ವಾರ್ಫರಿನ್ ಮಾತ್ರೆಯನ್ನು ವರ್ಷಗಳಿಂದ ನಾನೇ ಕೊಡುತ್ತಿದ್ದೆ. ಹೇಳಿದ ದಿನ ಬರುವವರು, ಬೇಡವೆಂದದ್ದನ್ನು ಮುಟ್ಟದವರು. ಎಲ್ಲರೂ ನಿಮ್ಮ ಹಾಗಿದ್ದರೆ ನನಗೆ ಬಿ.ಪಿ. ಬರುತ್ತಿರಲಿಲ್ಲ ಎಂದು ಛೇಡಿಸುತ್ತಿದ್ದೆ.

ಒಂದು ದಿನ ಏದುಸಿರು ಬಿಡುತ್ತ ಬಂದರು. ಕೂಡಲೇ ರೆಫರಲ್ ಕಳಿಸಿದೆ. ಆಸ್ಪತ್ರೆಯವರು ಚೆನ್ನಾಗಿಯೇ ನೋಡಿಕೊಂಡರು. ವಾರ್ಫರಿನ್ ನಿಲ್ಲಿಸಿ, ಅದೇ ಕೆಲಸ ಮಾಡುವ ಹೊಸ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಸಮ್ಮರಿ ಅಂದೇ ಬಂತು; ಓದಿದೆ, ಒಪ್ಪಿದೆ. ನಮ್ಮ ನರ್ಸ್ ಫೋನ್ ಮಾಡಿ, ಹೊಸ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ ಎಂದು ವಿಚಾರಿಸಿದಳು. ಒಂದು ಹೊತ್ತೂ ತಪ್ಪಿಸಿಲ್ಲ ಎಂದರು ಅವರ ಹೆಂಡತಿ ಸರೋಜಮ್ಮ. ಅವರು ಹೇಳಿದ್ದು ನಿಜವೇ.

ಎರಡು ವಾರ ಕಳೆದಿರಬೇಕು. ರಂಗಪ್ಪನವರು ತಿಂಡಿಗೆ ಕೂತಲ್ಲೇ ತಲೆನೋವೆಂದು ಪಕ್ಕಕ್ಕೆ ವಾಲಿದರಂತೆ. ಸುದ್ದಿ ತಿಳಿದು ನಾನು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಐಸಿಯುನಲ್ಲಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಹೊಸ ಮಾತ್ರೆಯೊಂದರಿಂದಲೇ ರಕ್ತ ಇಷ್ಟು ತೆಳುವಾಗಲು ಸಾಧ್ಯವಿಲ್ಲ ಎಂದರು ಅಲ್ಲಿನ ವೈದ್ಯರು.

ಹೊರಗೆ ಕೂತಿದ್ದ ಸರೋಜಮ್ಮನನ್ನು ಕೇಳಿದೆ: "ಹಳೇ ಮಾತ್ರೆ ನಿಲ್ಲಿಸ್ಲಿಲ್ವಾ ಅಮ್ಮಾ?"

"ಇಲ್ಲಿಯವ್ರು ಬಿಡಿ ಅಂದಿದ್ರು ಸಾರ್. ನಮ್ಮನೆಯವ್ರು ಕೇಳ್ಲಿಲ್ಲ. ಅದು ನಮ್ ಡಾಕ್ಟ್ರು ಕೊಟ್ಟಿರೋದು, ಅವ್ರು ಬಾಯ್ಬಿಟ್ಟು ಹೇಳೋವರ್ಗೂ ಬಿಡಲ್ಲ ಅಂದ್ರು. ಎರಡೂ ನಾನೇ ಕೈಗೆ ಕೊಡ್ತಿದ್ದೆ. ಯಾಕ್ ಸಾರ್, ಕೊಡ್ಬಾರ್ದಿತ್ತಾ?"

"ನಿಮ್ ತಪ್ಪೇನೂ ಇಲ್ಲಮ್ಮ. ಬಿಡಿ ಅಂತ ನಾನು ಹೇಳ್ಬೇಕಿತ್ತು" ಎಂದೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನ ಕೈ ಹಿಡಿದುಕೊಂಡರು. "ಒಂದ್ಸಲ ಒಳಗೋಗಿ ಏಳಿ ಅನ್ನಿ ಸಾರ್. ನೀವ್ ಹೇಳಿದ್ರೆ ಕೇಳ್ತಾರೆ."

ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಹೋದೆ. ಹಾಸಿಗೆಯ ಪಕ್ಕ ಬಾಗಿ, "ಏಳಿ ರಂಗಪ್ಪ" ಎಂದೆ. ಎರಡನೆಯ ಸಲ ಹೇಳಲಾಗಲಿಲ್ಲ. ಮಾರನೆಯ ದಿನ ಅವರು ತೀರಿಕೊಂಡರು.

ಈಗ ಆಸ್ಪತ್ರೆಯಿಂದ ಯಾವ ಸಮ್ಮರಿ ಬಂದರೂ ರೋಗಿಗೆ ನಾನೇ ಫೋನ್ ಮಾಡುತ್ತೇನೆ. ಆಸ್ಪತ್ರೆಯವರು ಬಿಡಿ ಎಂದ ಹಳೇ ಮಾತ್ರೆ ಕೊಟ್ಟವನು ನಾನು, ಇವತ್ತಿನಿಂದ ನಾನೇ ನಿಲ್ಲಿಸುತ್ತಿದ್ದೇನೆ ಎಂದು ಹೇಳಿ, ಅದನ್ನು ಅವರ ಬಾಯಿಂದಲೂ ಹೇಳಿಸುತ್ತೇನೆ. ಔಷಧಿಯನ್ನು ಶುರು ಮಾಡಿದವನೇ ನಿಲ್ಲಿಸಬೇಕೆಂದು ಯಾವ ಕಾಲೇಜಿನಲ್ಲೂ ನನಗೆ ಕಲಿಸಿರಲಿಲ್ಲ. ಅರ್ಧ ನಿಮಿಷದ ಮಾತು ಅದು. ರಂಗಪ್ಪನವರು ಆ ಮಾತಿಗಾಗಿ ಎರಡು ವಾರ ಕಾದರು.