ತುರ್ದುಕೆಯ ಬಲಪಕ್ಕೆ

ತುರ್ದುಕೆಯ ಮುತ್ತಜ್ಜ ಎಸೆನ್‌ಕುಲ್, ಉಕ್ಕಿ ಹರಿಯುವ ನರಿನ್ ಹೊಳೆಯಲ್ಲಿ ಎಂಬತ್ತು ಕುದುರೆಗಳನ್ನು ಈಜಿಸಿ ದಡ ಸೇರಿಸಿದವನು. ಅಜ್ಜ ಸಾತಾರ್, ಕುರಿಯನ್ನು ತೋಳದ ಬಾಯಿಂದಲೇ ಕಿತ್ತು ತಂದವನು. ಅಪ್ಪ ಚೋರೋ, ಸವಾರರು ಸತ್ತ ಆಡಿಗಾಗಿ ಸೆಣಸುವ ಆಡಿನಾಟದಲ್ಲಿ, ಅದನ್ನು ತೊಡೆಯಡಿ ಸಿಕ್ಕಿಸಿಕೊಂಡು ಕುದುರೆ ಬಿಟ್ಟನೆಂದರೆ ಉಳಿದವರಿಗೆ ಕಾಣುತ್ತಿದ್ದುದು ಕುದುರೆಯ ಬಾಲ ಮಾತ್ರ.

ಅಂಥವರ ಕುಡಿ ತುರ್ದುಕೆ ಐವತ್ತೆಂಟರ ವಯಸ್ಸಿನಲ್ಲೂ ಆ ಆಟ ಆಡುತ್ತಿದ್ದ. ಒಂದು ದಿನ ಕುದುರೆಯ ಮೇಲಿಂದಲೇ ಆಡು ಎತ್ತಲು ಬಗ್ಗಿದಾಗ ಗೆಳೆಯ ಮಾಂಬೆತನ ಕುದುರೆ ಎದೆಕೊಟ್ಟು ಅವನ ಬಲಪಕ್ಕೆಗೆ ಗುದ್ದಿತು. ಹೊರಗೆ ಒಂದು ಹನಿ ರಕ್ತವಿಲ್ಲ. ಗುದ್ದಿಸಿದವನೇ ಕುರಿ ಕಡಿದು, ಬಿಸಿ ಆರದ ಚರ್ಮವನ್ನು ತುರ್ದುಕೆಯ ಹೊಟ್ಟೆಗೆ ಸುತ್ತಿದ. ಹಿರಿಯರಿಂದ ಬಂದ ಮದ್ದು. ಕಾವಿಗೆ ನೋವು ಸಡಿಲಿತು.

"ನಿನ್ನ ಕುದುರೆಗೂ ಒಂದು ಸುತ್ತೋ. ಪಾಪ, ಬಂಡೆಗೆ ಗುದ್ದಿದೆ," ಎಂದು ತುರ್ದುಕೆ ನಕ್ಕ.

ನೋವು ಸಡಿಲಿದ್ದೇ ಮೋಸವಾಯಿತು. ಮೂರನೆಯ ಬೆಳಿಗ್ಗೆ ಎದ್ದವನ ಮುಖ ಮೊಸರಿನಂತೆ ಬಿಳಿಚಿ, ಕಾಲು ಕುಸಿಯಿತು. ಹೆಂಡತಿ ಬುರುಲ್ ಚರ್ಮ ಕಿತ್ತೆಸೆದಳು.

"ನಡಿ ಮುದುಕಾ, ಆಸ್ಪತ್ರೆಗೆ."

"ಇನ್ನೊಂದು ದಿನ ಇರ್ಲಿ ಕಣೇ ಚರ್ಮ."

"ಕುರಿ ಹೋಗಿ ಮೂರು ದಿನ ಆಯ್ತು. ಅದರ ಹಿಂದೇನೇ ಹೊರಟಿದ್ದೀಯಾ?"

ಆಸ್ಪತ್ರೆಯ ಡಾಕ್ಟರಮ್ಮ ಸ್ಕ್ಯಾನ್ ತೋರಿಸಿ ಹೇಳಿದಳು: "ಮೂತ್ರಪಿಂಡದ ತಲೆ ಮೇಲೆ ಟೋಪಿ ಹಾಗೆ ಒಂದು ಪುಟ್ಟ ಗ್ರಂಥಿ ಕೂತಿರುತ್ತೆ ಅಜ್ಜ, ಅಡ್ರಿನಲ್ ಅಂತ. ಬಲಗಡೇದು ಲಿವರ್‌ಗೂ ಬೆನ್ನುಮೂಳೆಗೂ ಮಧ್ಯೆ ಸಿಕ್ಕಿ ಜಜ್ಜಿ, ಒಳಗೇ ರಕ್ತ ಕಟ್ಟಿದೆ. ಸದ್ಯ ಕೊಯ್ಯೋದು ಬೇಡ. ಎಡಗಡೇದು ಚೆನ್ನಾಗಿದೆ, ಎರಡರ ಕೆಲಸಾನೂ ಅದೇ ಮಾಡುತ್ತೆ. ಆದ್ರೆ ಅಲ್ಲಾಡದೆ ಮಲಗಬೇಕು."

"ಕುದುರೆ ಹತ್ತಬಹುದಾ ಮಗಳೇ?"

"ರಕ್ತ ಕರಗಿದ್ರೆ ಹತ್ತಿ. ಕರಗದಿದ್ರೆ ಇಲ್ಲ. ಆಟ ಮಾತ್ರ ಇನ್ನು ಬೇಡ."

ಆಟ ಹೋದದ್ದನ್ನು ಅವನು ನುಂಗಿಕೊಂಡ. ಕುದುರೆ ಹತ್ತುವುದೇ ಹೋದರೆ? ಕುರಿಹಿಂಡಿನ ಹಿಂದೆ ನಡೆದು ಹೋಗುವ ಗಂಡಸನ್ನು ಆ ಬೆಟ್ಟದಲ್ಲಿ ಯಾರೂ ಕಂಡಿರಲಿಲ್ಲ. ಮನೆಗೆ ಬಂದಮೇಲೂ ಹಾಸಿಗೆ ಬಿಡುವಂತಿರಲಿಲ್ಲ. ಮಾಂಬೆತ್ ದಿನವೂ ಕುದುರೆಹಾಲಿನ ಕುಮಿಸ್ ತಂದು, ತಪ್ಪು ಮಾಡಿದವನಂತೆ ಬಾಗಿಲಲ್ಲೇ ಕೂರುತ್ತಿದ್ದ. "ಒಳಗೆ ಬಾರೋ, ನಿನ್ನ ಮುಖ ನೋಡಿದ್ರೆ ಕುಮಿಸ್ ಇನ್ನೂ ಹುಳಿಯಾಗುತ್ತೆ," ಎಂದು ತುರ್ದುಕೆ ಕರೆಯುತ್ತಿದ್ದ.

ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್ ಆಯಿತು. ರಕ್ತ ಕರಗಿತ್ತು. ಮರುದಿನವೇ ಅವನು ತನ್ನ ಕಂದು ಕುದುರೆಗೆ ಜೀನು ಬಿಗಿದ. ಬುರುಲ್ ಲಗಾಮು ಹಿಡಿದಳು. ಮಾಂಬೆತ್ ಮೊಣಕಾಲೂರಿ, ಪಾದ ಇಡಲು ಬೊಗಸೆಯೊಡ್ಡಿದ. ಜೀನಿನಿಂದ ಇಳಿಬಿದ್ದ ರಿಕಾಪಿಗೆ ತುರ್ದುಕೆ ತಾನೇ ಕಾಲೆತ್ತಿದ; ಅದು ತಲುಪದೆ ಕೆಳಗಿಳಿಯಿತು.

"ಎದ್ದೇಳೋ ಮಾಂಬೆತ್. ಬುರುಲ್, ನೀನೂ ಲಗಾಮು ಬಿಡು. ಹತ್ತೋಕಾಗದಿದ್ರೆ ನಡ್ಕೊಂಡೇ ಹೋಗ್ತೀನಿ. ಎತ್ತಿ ಮಾತ್ರ ಕೂರಿಸ್ಬೇಡಿ."