ಬೆಟ್ಟಮ್ಮ ಬರೆಯುವ ಎರಡು ಸಾಲು

ಬೆಳಗಿನ ಐದೂವರೆ. ನಿಡಘಟ್ಟದ ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದವರ ಸಾಲು ಆಗಲೇ ಬಾಗಿಲು ದಾಟಿ ರಸ್ತೆಗೆ ಬಂದಿದೆ. ಬೆಟ್ಟಮ್ಮ ಹೆಗಲ ಚೀಲವನ್ನು ಜಗಲಿಯ ಮೇಲೆ ಇಳಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಡೆಯ ಕಪ್ಪು ಹಲಗೆಯ ಕೆಳಗಿನರ್ಧವನ್ನು ಅಂಗೈಯಲ್ಲೇ ಒರೆಸುತ್ತಾರೆ. ಮೇಲಿನರ್ಧ ಡೇರಿಯದು: ಪಶುವೈದ್ಯರು ಬರುವ ದಿನ, ಹಿಂಡಿ ಬಂದ ಸುದ್ದಿ. ಕೆಳಗಿನದು ಇವರದು. ದಿನಕ್ಕೆ ಎರಡೇ ಸಾಲು. ಇವತ್ತಿನ ಮೊದಲನೆಯದು, 'ಯುದ್ಧ ನಿಲ್ಲಿಸುವ ಮಾತುಕತೆ ಮುರಿದುಬಿತ್ತು.' ಎರಡನೆಯದು, 'ಕೆರೆ ಏರಿಯ ಹೊಂಗೆ ಚಿಗುರಿದೆ.'

"ಯಾವ್ ಯುದ್ಧ ಬೆಟ್ಟಕ್ಕ?" ಎಂದು ಸಾಲಿನಿಂದ ಯಾರೋ ಕೇಳುತ್ತಾರೆ.

"ಪೇಪರ್ ತಗಂಡು ಓದು. ಬಿಟ್ಟಿ ಓದೋರ್ಗೆ ಇಷ್ಟೇಯ" ಎನ್ನುತ್ತಾ ಅವರು ಚೀಲ ಹೊರುತ್ತಾರೆ. ಸಾಲು ನಗುತ್ತದೆ.

ಐವತ್ತೆಂಟರ ಬೆಟ್ಟಮ್ಮ ಈ ಊರಿಗೆ ಪತ್ರಿಕೆ ಹಂಚುವವರು. ಹದಿನಾರು ವರ್ಷದ ಹಿಂದೆ, ಈ ಕೆಲಸ ಮಾಡುತ್ತಿದ್ದ ಗಂಡನ ಕಾಲು ಮುರಿದಾಗ, ಹದಿನೈದು ದಿನದ ಮಟ್ಟಿಗೆ ಎಂದು ಹೊತ್ತ ಚೀಲ ಇನ್ನೂ ಇಳಿದಿಲ್ಲ. ಸೈಕಲ್ ತುಳಿಯಲು ಬಾರದು. ದಿನಕ್ಕೆ ಆರು ಕಿಲೋಮೀಟರ್ ನಡಿಗೆ, ತೊಂಬತ್ತೆಂಟು ಮನೆ. ಒಂದು ಕಾಲಕ್ಕೆ ನೂರೆಂಬತ್ತು ಮನೆಯಿತ್ತು, ಮೊಬೈಲು ಅರ್ಧ ನುಂಗಿತು. ಓದಿದ್ದು ಐದನೇ ತರಗತಿ. ಮಿಕ್ಕಿದ್ದನ್ನು ದಾರಿಯುದ್ದಕ್ಕೂ ತಲೆಬರಹ ಓದಿಕೊಂಡೇ ಕಲಿತರು. ಪ್ರಪಂಚದ ಯಾವ ಮೂಲೆಯಲ್ಲಿ ಚುನಾವಣೆ, ಎಲ್ಲಿ ಹಿಮ ಕರಗುತ್ತಿದೆ, ಎಲ್ಲಿ ಭೂಮಿ ನಡುಗಿತು ಎಂದು ಕೇಳಿದರೆ ಥಟ್ಟನೆ ಹೇಳುತ್ತಾರೆ. ಆ ದೇಶ ಯಾವ ದಿಕ್ಕಿಗಿದೆ ಎಂದು ಮಾತ್ರ ಕೇಳಬಾರದು.

ದಿನಾ ಅದೇ ಬೀದಿ ನಡೆಯುವವರ ಕಣ್ಣು ಸುಮ್ಮನಿರುವುದಿಲ್ಲ. ಶಿವರಾತ್ರಿ ಕಳೆದರೆ ಸಾಕು, ಯಾರ ಹಿತ್ತಿಲ ನುಗ್ಗೆ ಹೂ ಬಿಟ್ಟಿದೆ, ಯಾವ ಮಾವು ಮಿಡಿ ಕಚ್ಚಿದೆ ಎಂಬುದು ಮನೆಯವರಿಗಿಂತ ಮೊದಲು ಇವರಿಗೆ ಗೊತ್ತು. "ಅಮೆರಿಕದ್ದು ಬರ್ದು ನಮ್ ಬೀದೀದು ಬುಟ್ರೆ ಚೆನ್ನಾಗಿರಕಿಲ್ಲ ಅಂತ ಎರಡ್ನೇ ಸಾಲು ಸುರು ಮಾಡ್ದೆ" ಎನ್ನುತ್ತಾರೆ. ಯುಗಾದಿ ಹತ್ತಿರ ಬಂದಂತೆ ಜನ ಮೊದಲ ಸಾಲು ಬಿಟ್ಟು ಎರಡನೆಯದನ್ನೇ ಹುಡುಕುತ್ತಾರೆ. ಬೇವಿನ ಹೂ ಎಲ್ಲಿ ಸಿಗುತ್ತದೆ ಎಂದು ಗೊತ್ತಾಗಬೇಕಲ್ಲ.

ಆ ಎರಡನೇ ಸಾಲೇ ಒಮ್ಮೆ ಕೈಕೊಟ್ಟಿತು. ಎರಡು ವರ್ಷದ ಹಿಂದೆ ಮೂಡಲ ಬೀದಿಯ ಕರಿಯಯ್ಯನವರ ಮನೆ ಮುಂದಿನ ಬೇವು, ಎಲೆಯೆಲ್ಲ ಸುಟ್ಟಂತಾಗಿ ನಿಂತಿತ್ತು. ಬೆಟ್ಟಮ್ಮ ನಡೆಯುತ್ತಲೇ ನೋಡಿ, 'ಮೂಡಲ ಬೀದಿಯ ಬೇವು ಸತ್ತಿದೆ' ಎಂದು ಬರೆದರು. ಪ್ರಪಂಚದ ಸುದ್ದಿಯ ಕೆಳಗೆ ಬರೆದದ್ದನ್ನು ಅನುಮಾನಿಸುವವರು ಯಾರು? ನಾಲ್ಕನೇ ದಿನ ಕರಿಯಯ್ಯ ಕೊಡಲಿ ಹಾಕಿದರು. ಮಾರನೇ ಬೆಳಿಗ್ಗೆ ಪೇಪರ್ ಹಾಕಲು ಹೋದ ಬೆಟ್ಟಮ್ಮ ಕಡಿದ ಬೊಡ್ಡೆಯನ್ನು ಮುಟ್ಟಿ ನೋಡಿದರು. "ಕೈಗೆ ಸೊನೆ ಅಂಟ್ಕತು. ಸತ್ತ ಮರ ಅಂಟಕಿಲ್ಲ" ಎನ್ನುವಾಗ ಈಗಲೂ ಅವರು ಬೆರಳು ಒರೆಸಿಕೊಳ್ಳುತ್ತಾರೆ. ಅದನ್ನು ಯಾರಿಗೂ ಹೇಳಲಿಲ್ಲ. ಆಮೇಲೆ ತೊಗಟೆಯನ್ನು ಉಗುರಿನಿಂದ ಕೆರೆದು ನೋಡದೆ ಯಾವ ಮರದ ಬಗ್ಗೆಯೂ ಬರೆದಿಲ್ಲ.

ಈ ವರ್ಷ ಪಡುವಲ ಬೀದಿಯ ಮಂಗಳಮ್ಮನವರ ಮನೆ ಮುಂದಿನ ಬೇವಿನ ಎಲೆಯೂ ಹಾಗೇ ಸುಟ್ಟಂತಾಗಿದೆ. ಅದರಡಿ ಸ್ಕೂಲ್ ವ್ಯಾನು ನಿಲ್ಲುತ್ತದೆ. ಒಣಕೊಂಬೆ ಮಕ್ಕಳ ಮೇಲೆ ಬಿದ್ದರೆ ಗತಿಯೇನು, ಹಬ್ಬದೊಳಗೆ ಕಡಿಸಿಬಿಡೋಣ ಎಂದರು ಎದುರುಮನೆಯ ಪುಟ್ಟರಾಜು. ಅವರ ಮಾತಲ್ಲಿ ತಪ್ಪೇನಿಲ್ಲ. ಬೆಟ್ಟಮ್ಮ ತೊಗಟೆ ಕೆರೆದರು, ಒಳಗೆ ಹಸಿರಿತ್ತು. 'ಪಡುವಲ ಬೀದಿಯ ಬೇವು ಬದುಕಿದೆ. ಕಾಯಿರಿ' ಎಂದು ಬರೆದರು.

"ಮೂಡಲ ಬೀದಿ ಮರನೂ ಇಂಗೇ ಇತ್ತಲ್ಲಕ್ಕ" ಎಂದು ಪುಟ್ಟರಾಜು ಡೇರಿ ಮುಂದೆಯೇ ಕೇಳಿದರು. "ಅದು ಸತ್ತದೆ ಅಂತ ನೀನೇ ಬರ್ದೆ. ಇದು ಎಂಗೆ ಬದುಕದೆ?"

ಅದಕ್ಕಿದ್ದದ್ದು ಒಂದೇ ಉತ್ತರ. ಅದನ್ನು ಹೇಳಿದರೆ ಮರ ಉಳಿದೀತು, ಆದರೆ ಹಲಗೆಯನ್ನು ನಂಬುವವರು ಉಳಿಯುತ್ತಾರೋ ಇಲ್ಲವೋ. ಎರಡು ದಿನ ಎರಡನೇ ಸಾಲು ಖಾಲಿ ಇತ್ತು. ಮೂರನೇ ದಿನ ಬೆಟ್ಟಮ್ಮ ಪ್ರಪಂಚವನ್ನೂ ಬಿಟ್ಟು, ತಮ್ಮ ಅರ್ಧ ಹಲಗೆ ತುಂಬ ದಪ್ಪ ಅಕ್ಷರದಲ್ಲಿ ಬರೆದರು: 'ತಿದ್ದುಪಡಿ. ಎರಡು ವರ್ಷದ ಹಿಂದೆ ಮೂಡಲ ಬೀದಿಯ ಬೇವು ಸತ್ತಿದೆ ಎಂದು ಬರೆದದ್ದು ತಪ್ಪು. ಮರ ಬದುಕಿತ್ತು. ಬೆಟ್ಟಮ್ಮ.'

"ಪೇಪರ್‌ನೋರು ತಪ್ಪಾದ್ರೆ ಒಳಪುಟದಲ್ಲಿ ಸಣ್ದಾಗಿ ಆಕ್ತಾರೆ. ನಮ್ ಬೋರ್ಡ್ಗೆ ಒಳಪುಟ ಎಲ್ಲದೆ?" ಎಂದು ಈಗ ಬೆಟ್ಟಮ್ಮ ನಗಲು ನೋಡುತ್ತಾರೆ, ಆಗುವುದಿಲ್ಲ.

ಅಂದು ಸಾಲಿನಲ್ಲಿ ಕರಿಯಯ್ಯನವರೂ ಇದ್ದರು. ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿದರು.

"ನಂಗೆ ಅವತ್ತೇ ಗೊತ್ತಾಯ್ತು ಕಣವ್ವ" ಎಂದರು. "ಮೊದಲ್ನೇ ಏಟ್ಗೇ ಹಸಿ ಚಕ್ಕೆ ಎದ್ದು ಬಂತು. ಬೋರ್ಡಲ್ಲಿ ಬರ್ದದಲ್ಲ ಅಂತ ಕಡ್ದೆ." ಆಮೇಲೆ ಪುಟ್ಟರಾಜು ಕಡೆ ತಿರುಗಿ, "ವ್ಯಾನ್‌ನೋರ್ಗೆ ನಾಕೆಜ್ಜೆ ಮುಂದ್ಕೆ ನಿಲ್ಸಕ್ಕೇಳ್ಲಾ" ಎಂದರು. ಆ ಮಧ್ಯಾಹ್ನ ಪುಟ್ಟರಾಜು ಒಣಕೊಂಬೆಗಳನ್ನಷ್ಟೇ ಸವರಿಸಿದರು.

ಯುಗಾದಿಗೆ ಇನ್ನು ಒಂಬತ್ತು ದಿನ. ಪಡುವಲ ಬೀದಿಯಲ್ಲಿ ಪೇಪರ್ ತೆಗೆದುಕೊಳ್ಳಲು ಬಂದ ಮಂಗಳಮ್ಮ ಮಡಿಕೆಯನ್ನೂ ಬಿಡಿಸದೆ ಮೇಲೆ ನೋಡುತ್ತಾರೆ. ಬೆಟ್ಟಮ್ಮನೂ ನೋಡುತ್ತಾರೆ. ಒಂದು ಕಡ್ಡಿಯ ತುದಿಯಲ್ಲಿ ಉಗುರಿನಷ್ಟು ಕೆಂಪು ಚಿಗುರು.

"ಈಗ್ಲೇ ಓಗಿ ಬರ್ದ್ಬುಡು ಬೆಟ್ಟವ್ವ, ಊರೆಲ್ಲ ನೋಡ್ಲಿ" ಎನ್ನುತ್ತಾರೆ ಮಂಗಳಮ್ಮ.

ಬೆಟ್ಟಮ್ಮ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಳ್ಳುತ್ತಾರೆ. "ಒಂದ್ ಕಡ್ಡಿ ತಾನೆ ಚಿಗುರಿರದು. ನಾಳೀಕೆ ಇನ್ನೊಂದ್ ಕಡ್ಡಿ ನೋಡಿ ಬರೀತೀನಿ. ನಾನ್ ಬರ್ದ್ರೆ ಜನ ನಂಬ್ಬುಡ್ತಾರೆ ಕಣಮ್ಮ."